ಡಬಲ್ ಬಾರ್ ಸೈಕಲ್ಲಿಗೊಂದು ಎಂಜಿನ್

ದಾವಣಗೆರೆ ಸರಸ್ವತಿ ನಗರದ ನಮ್ಮ ಮನೆ ಹಿತ್ತಲಲ್ಲಿ ಅಜ್ಜನ ಸೈಕಲ್ ಒಂದಿದೆ. 28 ಇಂಚಿನ ಚಕ್ರ, ರಾಡ್ ಬ್ರೇಕ್, ಹಾಲಿನ ಕ್ಯಾನ್ ನೇತುಹಾಕೋಕೆ ಅಂತ ಮಾಡಿಸಿದ ಅಗಲವಾದ ಕ್ಯಾರಿಯರ್. ಮಾಮೂಲಿ ಸೈಕಲ್ಲಿಗೆ ಸೀಟಿನಿಂದ ಹ್ಯಾಂಡಲ್‌ವರೆಗೆ ಒಂದು ಬಾರ್ ಇದ್ದರೆ ಇದಕ್ಕೆ ಎರಡು, ಒಂದರ ಕೆಳಗೊಂದು. ಭಾರ ಹೊರುವವರ ಸೈಕಲ್. ಪ್ರತಿ ದೀಪಾವಳಿಗೆ ಮನೆ ತೊಳೆಯುವಾಗ ಅಮ್ಮ "ಇದನ್ನ ಗುಜರಿಗೆ ಹಾಕಪ್ಪ, ಜಾಗ ಆದ್ರೂ ಆಗುತ್ತೆ" ಅಂತಾರೆ. ಪ್ರತಿ ಸಲವೂ ನಾನು "ಮುಂದಿನ ವರ್ಷ" ಅಂತೀನಿ.

ಹೋದ ವರ್ಷ ಮಾತ್ರ ನನ್ನ ಹತ್ತಿರ ಬೇರೆ ಪ್ಲ್ಯಾನ್ ಇತ್ತು. ಆಫೀಸಿನಲ್ಲಿ ಮೀಟಿಂಗ್ ನಡೀತಿರುವಾಗ ಕದ್ದು ಕದ್ದು ನೋಡಿದ ಫೋಟೊಗಳ ಫಲ ಅದು. 1910ರ ದಶಕದ ಅಮೆರಿಕದ ರೇಸ್ ಮೋಟರ್‌ಸೈಕಲ್‌ಗಳು. ಸೈಕಲ್ಲಿನಷ್ಟೇ ತೆಳು ಮೈ, ಕೆಳಕ್ಕೆ ಬಾಗಿದ ಹ್ಯಾಂಡಲ್, ಬಿಳಿ ಟೈರ್, ಚರ್ಮದ ಸೀಟು, ಎರಡು ಬಾರ್‌ಗಳ ನಡುವೆ ಉದ್ದನೆಯ ಪೆಟ್ರೋಲ್ ಟ್ಯಾಂಕ್. ಇವತ್ತು ಜಗತ್ತಿನ ಎಷ್ಟೋ ಊರುಗಳಲ್ಲಿ ಹವ್ಯಾಸಿಗಳು ಸೈಕಲ್ಲಿಗೆ ಪುಟ್ಟ ಎಂಜಿನ್ ಕಟ್ಟಿ ಆ ಕಾಲದ ರೂಪ ಕೊಡ್ತಿದ್ದಾರೆ. ಎರಡು ಬಾರ್‌ಗಳ ನಡುವೆ ಟ್ಯಾಂಕ್ ಅಂದ ಕೂಡಲೇ ನನಗೆ ಹಿತ್ತಲು ನೆನಪಾಯಿತು. ಹಾಲಿನವರ ಡಬಲ್ ಬಾರ್ ಸೈಕಲ್ಲಿನ ಮೈಕಟ್ಟೂ ಹಾಗೇ ಇದೆಯಲ್ಲ! ಇನ್ನೇನು ಬೇಕು?

ಆಯುಧ ಪೂಜೆಗೆ ಊರಿಗೆ ಹೋದವನು ಹಬ್ಬದ ಮಾರನೇ ದಿನ ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹರಿಹರಕ್ಕೆ ಹೊರಟೆ. ಹದಿನಾಲ್ಕು ಕಿಲೋಮೀಟರ್ ದಾರಿ. ಅಲ್ಲಿ ಒಬ್ಬ ವಯಸ್ಸಾದ ಟರ್ನರ್ ಇದ್ದಾರೆ, ಯಾವ ಪಾರ್ಟ್ ಸಿಗದಿದ್ದರೂ ಮಾಡಿಕೊಡ್ತಾರೆ ಅಂತ ಯಾರೋ ಹೇಳಿದ್ದರು. ತಗಡಿನ ಶೆಡ್ಡು. ಒಳಗೆ ಒಂದೇ ಒಂದು ಲೇತ್. ಅದರ ಹಣೆಗೆ ಹಿಂದಿನ ದಿನದ ವಿಭೂತಿ, ಕುಂಕುಮ, ಬಾಡಿದ ಚೆಂಡು ಹೂವಿನ ಹಾರ. ಬಾಗಿಲಲ್ಲಿ ಒಡೆದ ಬೂದುಗುಂಬಳಕಾಯಿ.

ಮೇಸ್ತ್ರಿ ನನ್ನ ಮೊಬೈಲಿನಲ್ಲಿದ್ದ ಫೋಟೊ ನೋಡಿದರು. ಸೈಕಲ್ ನೋಡಿದರು. ಆಮೇಲೆ ಕೇಳಿದರು: "ಎಷ್ಟು ಸ್ಪೀಡ್ ಹೋಗ್ಬೇಕು ತಮ್ಮಾ?"

"ನಲವತ್ತು... ಐವತ್ತು ಹೋದ್ರೆ ಚೆನ್ನಾಗಿರುತ್ತೆ."

ಅವರು ಏನೂ ಅನ್ನಲಿಲ್ಲ. ಸೈಕಲ್ಲನ್ನು ಹತ್ತು ಹೆಜ್ಜೆ ಓಡಿಸಿಕೊಂಡು ಹೋಗಿ ಬ್ರೇಕ್ ಒತ್ತಿದರು. ರಬ್ಬರ್ ಕೀರಲಿತು, ಸೈಕಲ್ ತನ್ನ ಪಾಡಿಗೆ ಇನ್ನಷ್ಟು ದೂರ ಹೋಗಿ ನಿಂತಿತು.

"ಹೋಗೋದು ನಾನು ಮಾಡ್ತೀನಿ. ಅದೇನ್ ದೊಡ್ಡದಲ್ಲ. ನಿಲ್ಲೋದು ಹೆಂಗೆ? ಅದನ್ನ ಯೋಚ್ನೆ ಮಾಡ್ಕಂಡು ಬಾ."

ಸೈಕಲ್ಲನ್ನು ಅಲ್ಲೇ ಬಿಟ್ಟು ಬೆಂಗಳೂರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಮೊಟ್ಟಮೊದಲು ಸೈಕಲ್ಲಿಗೆ ಎಂಜಿನ್ ಕಟ್ಟಿದವರು ಇದನ್ನೆಲ್ಲ ಹೇಗೆ ಬಗೆಹರಿಸಿಕೊಂಡಿರಬಹುದು? ಮುಂದಿನ ಕೆಲವು ವಾರ ನಾನು ಬ್ರೇಕಿನ ಬದಲು ಇತಿಹಾಸ ಓದಿದೆ. ಅದರಿಂದ ಗೊತ್ತಾಗಿದ್ದನ್ನ ಹೇಳೋಕೇ ಈ ಬರಹ.

* * *

ಮೊದಲ ಪ್ರಶ್ನೆ, ಎಂಜಿನ್ ಎಲ್ಲಿ ಕೂರಿಸೋದು? ಈಗ ನಮಗೆ ಇದೊಂದು ಪ್ರಶ್ನೆ ಅಂತಲೇ ಅನಿಸಲ್ಲ. ಆದರೆ 1890ರ ದಶಕದಲ್ಲಿ ಅದಕ್ಕೆ ಉತ್ತರ ಯಾರಿಗೂ ಗೊತ್ತಿರಲಿಲ್ಲ. 1897ರಲ್ಲಿ ಪ್ಯಾರಿಸ್‌ನ ವರ್ನರ್ ಸೋದರರು ಎಂಜಿನ್ನನ್ನು ಮುಂದಿನ ಚಕ್ರದ ಮೇಲೆ, ಹ್ಯಾಂಡಲ್ಲಿನ ಹತ್ತಿರ ಕೂರಿಸಿ, ಬೆಲ್ಟ್ ಹಾಕಿ ಮುಂದಿನ ಚಕ್ರವನ್ನೇ ತಿರುಗಿಸಿದರು. ಗಾಡಿ ಓಡಿತು, ಮಾರಾಟವೂ ಆಯಿತು. ಆದರೆ ಭಾರ ಮೇಲಿದ್ದದ್ದರಿಂದ ಒದ್ದೆ ರಸ್ತೆಯಲ್ಲಿ ಜಾರಿ ಬೀಳೋದೂ ಮಾಮೂಲಾಯಿತು. 1901ರಲ್ಲಿ ಅದೇ ಸೋದರರು ಎಂಜಿನ್ನನ್ನು ಕೆಳಗಿಳಿಸಿ, ಪೆಡಲ್ ಇರುವ ಜಾಗದಲ್ಲಿ, ಎರಡು ಚಕ್ರಗಳ ನಡುವೆ ಕೂರಿಸಿದರು. ನಿಮ್ಮ ಬೈಕಿನ ಎಂಜಿನ್ ಇವತ್ತೂ ಹೆಚ್ಚುಕಡಿಮೆ ಅಲ್ಲೇ ಕೂತಿದೆ.

ಅದೇ 1901ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಸೈಕಲ್ ತಯಾರಿಸುತ್ತಿದ್ದ ಜಾರ್ಜ್ ಹೆಂಡಿ, ಆಸ್ಕರ್ ಹೆಡ್‌ಸ್ಟ್ರಮ್ ಅನ್ನುವ ಮೆಕ್ಯಾನಿಕ್‌ನ ಜೊತೆ ಸೇರಿ ಎಂಜಿನ್ ಇರುವ ಸೈಕಲ್ ಮಾಡಿದ. ಮುಂದೆ ಅದು 'ಇಂಡಿಯನ್' ಮೋಟರ್‌ಸೈಕಲ್ ಆಯಿತು. ಮಿಲ್ವಾಕಿಯಲ್ಲಿ ಹಾರ್ಲೆ ಮತ್ತು ಡೇವಿಡ್‌ಸನ್ ಅನ್ನುವ ಇಬ್ಬರು ಹುಡುಗರು ಸೈಕಲ್ ಫ್ರೇಮಿಗೆ 116 ಸಿಸಿ ಎಂಜಿನ್ ಕಟ್ಟಿ ನೋಡಿದರು. ಊರಿನ ದಿಣ್ಣೆಗಳನ್ನು ಪೆಡಲ್ ತುಳಿಯದೆ ಹತ್ತೋಕೆ ಅದಕ್ಕೆ ಆಗಲಿಲ್ಲ! ಅದನ್ನು ಅಲ್ಲಿಗೇ ಬಿಟ್ಟು, ದೊಡ್ಡ ಎಂಜಿನ್ನು, ಗಟ್ಟಿ ಫ್ರೇಮು ಮಾಡಿಕೊಂಡರು. ಇವತ್ತು ಲಕ್ಷಗಟ್ಟಲೆ ಬೆಲೆ ಬಾಳುವ ಆ ಹೆಸರಿನ ಮೊದಲ ಪಾಠ ಫೇಲಾಗಿದ್ದರಿಂದಲೇ ಬಂದದ್ದು.

ಸೈಕಲ್ ಅಂಗಡಿಯ ಕೈಗಳು ಮಾಡಿದ್ದು ಬೈಕನ್ನು ಮಾತ್ರ ಅಲ್ಲ. ರೈಟ್ ಸೋದರರದ್ದು ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇತ್ತು ಅನ್ನೋದು ಶಾಲೆಯಲ್ಲೇ ಓದಿದ್ದೇವೆ. ಆದರೆ 1903ರಲ್ಲಿ ಹಾರಿದ ಅವರ ವಿಮಾನದ ಎಂಜಿನ್ ಮಾಡಿದ್ದು ಅದೇ ಅಂಗಡಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಚಾರ್ಲಿ ಟೇಲರ್. ಹೆಚ್ಚುಕಡಿಮೆ ಆರು ವಾರದಲ್ಲಿ ಮುಗಿಸಿದ. ಅವನ ಹತ್ತಿರ ಇದ್ದ ಯಂತ್ರಗಳು ಮುಖ್ಯವಾಗಿ ಎರಡು, ಒಂದು ಲೇತು, ಒಂದು ಡ್ರಿಲ್ಲು.

ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಹರಿಹರದ ಆ ಶೆಡ್ಡು ಬಂತು. ಅಲ್ಲಿದ್ದದ್ದೂ ಅಷ್ಟೇ.

* * *

ಹರಿಹರದ ಲೇತುಗಳ ಕಥೆಯ ಬೇರು ಹುಡುಕಿಕೊಂಡು ಹೋದರೆ, ನಂಬಿ, ನೀವು ಹೋಗಿ ನಿಲ್ಲೋದು ಒಂದು ಸೈಕಲ್ ಅಂಗಡಿಯ ಮುಂದೆಯೇ. ಆ ಅಂಗಡಿ ಬೆಳಗಾವಿಯಲ್ಲಿತ್ತು.

ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮುಂಬಯಿಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟ್ರಾಗಿದ್ದರು. ಮುಂಬಯಿಯ ರಸ್ತೆಯಲ್ಲಿ ಯಾರೋ ಸೈಕಲ್ ತುಳಿದುಕೊಂಡು ಹೋಗಿದ್ದನ್ನು ಕಂಡು ಅದರ ಹುಚ್ಚು ಹತ್ತಿತು. ತಾವು ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಗೆ ಕಳಿಸೋದು, ಅಲ್ಲಿ ಅಣ್ಣ ರಾಮಣ್ಣ ಅದನ್ನು ಮಾರೋದು, ಕೊಂಡವರಿಗೆ ತುಳಿಯೋದು ಕಲಿಸೋದು. ಕಿರ್ಲೋಸ್ಕರ್ ಬ್ರದರ್ಸ್ ತನ್ನ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳುವ 1888 ಈ ಸೈಕಲ್ ಅಂಗಡಿಯದ್ದು. ಮುಂದೆ ಬಡ್ತಿ ಬರಬೇಕಾದ ಜಾಗಕ್ಕೆ ಬೇರೊಬ್ಬರನ್ನು ತಂದು ಕೂರಿಸಿದಾಗ ಲಕ್ಷ್ಮಣರಾಯರು ಮುಂಬಯಿಯ ನೌಕರಿ ಬಿಟ್ಟು ಬೆಳಗಾವಿಗೇ ಬಂದುಬಿಟ್ಟರು.

ಸೈಕಲ್ ರಿಪೇರಿ ಮಾಡೋ ಕೈ ಸುಮ್ಮನಿರಲ್ಲ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ ಬಂತು, ಕಬ್ಬಿಣದ ನೇಗಿಲು ಬಂತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತೆ ಅಂತ ರೈತರು ಹೆದರಿದ್ದರಂತೆ. ಮೊದಲ ನೇಗಿಲು ಮಾರಾಟವಾಗೋಕೆ ಎರಡು ವರ್ಷ ಕಾಯಬೇಕಾಯಿತು. ಆಮೇಲೆ ಬೆಳಗಾವಿಯಲ್ಲಿ ಬಡಾವಣೆಗೆ ಜಾಗ ಬೇಕು ಅಂತ ಇವರನ್ನು ಎಬ್ಬಿಸಿದರು. ಔಂಧ್ ಸಂಸ್ಥಾನದ ರಾಜ ಜಾಗ ಕೊಟ್ಟ. 1910ರಲ್ಲಿ ಕಳ್ಳಿ ಬೆಳೆದ ಬರಡು ನೆಲದಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು.

ಹರಿಹರದ ಸರದಿ ಬಂದದ್ದು 1941ರಲ್ಲಿ. ಮಹಾಯುದ್ಧದ ಕಾಲ, ಹೊರಗಿನಿಂದ ಯಂತ್ರ ತರಿಸೋದು ಕಷ್ಟ. ಮೈಸೂರು ಸಂಸ್ಥಾನ ಕಾರ್ಖಾನೆಗಳನ್ನು ಕೈಬೀಸಿ ಕರೆಯುತ್ತಿದ್ದ ಕಾಲವೂ ಹೌದು. ಹರಿಹರ ಆಗ ಸಂಸ್ಥಾನದ ಅಂಚು, ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ನದಿಯ ನೀರು, ಪುಣೆ–ಬೆಂಗಳೂರು ರೈಲು, ಪುಣೆ–ಬೆಂಗಳೂರು ರಸ್ತೆ, ಮೂರೂ ಒಂದೇ ಕಡೆ. ಅಲ್ಲಿ 'ಮೈಸೂರು ಕಿರ್ಲೋಸ್ಕರ್' ಶುರುವಾಯಿತು. ಅದು ಮಾಡಿದ್ದು ಲೇತ್, ಅಂದರೆ ಬೇರೆ ಯಂತ್ರಗಳನ್ನು ಮಾಡುವ ಯಂತ್ರ. ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಗಿದ್ದು 1953ರಲ್ಲಿ. ಅದಕ್ಕಿಂತ ಹನ್ನೆರಡು ವರ್ಷ ಮೊದಲೇ ಹರಿಹರದಲ್ಲಿ ಲೇತ್ ಕಾರ್ಖಾನೆ ಇತ್ತು. ಕಾರ್ಖಾನೆಯ ಸುತ್ತ ಎದ್ದ ಊರಿನ ಹೆಸರೇ ಯಂತ್ರಪುರ. ಎಂಜಿನಿಯರಿಂಗ್ ಅಥವಾ ಐಟಿಐ ಓದಿದವರು ನೆನಪು ಮಾಡಿಕೊಳ್ಳಿ. ವರ್ಕ್‌ಶಾಪ್ ಲ್ಯಾಬಿನಲ್ಲಿ ಕಬ್ಬಿಣದ ಕಡ್ಡಿ ಕೆಡಿಸಿ ಬೈಸಿಕೊಂಡ ಆ ಹಳೆಯ ಲೇತಿನ ಮೇಲೆ 'ಎಂಟರ್‌ಪ್ರೈಸ್' ಅಂತಲೋ 'ಟರ್ನ್‌ಮಾಸ್ಟರ್' ಅಂತಲೋ ಬರೆದಿದ್ದರೆ ಅದರ ತವರು ಕಿರ್ಲೋಸ್ಕರ್.

ಒಂದು ಲೇತ್ ಕಾರ್ಖಾನೆ ಊರಿಗೆ ಬಂದರೆ ಬರೀ ಲೇತ್ ಬರಲ್ಲ. ಟರ್ನರ್, ಫಿಟ್ಟರ್, ಎರಕ ಹೊಯ್ಯುವವರು, ಪ್ಯಾಟರ್ನ್ ಮಾಡುವ ಬಡಗಿಗಳು ತಯಾರಾಗ್ತಾರೆ. ಕೂದಲೆಳೆಯ ದಪ್ಪವನ್ನು ಹತ್ತು ಭಾಗ ಮಾಡಿ ಅದರಲ್ಲೊಂದು ಭಾಗ ಹೆಚ್ಚಾಯ್ತು ಅಂತ ಬೆರಳಲ್ಲೇ ಹೇಳಬಲ್ಲ ಜನ. ಪಕ್ಕದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. 1951ರಲ್ಲೇ ಬಿಡಿಟಿ ಎಂಜಿನಿಯರಿಂಗ್ ಕಾಲೇಜು ಬಂದಿತ್ತು. ನಾವು ಇವತ್ತು 'ಬೆಣ್ಣೆ ದೋಸೆ ಊರು' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುವ ದಾವಣಗೆರೆಗೆ ಗ್ರೀಸ್ ಹತ್ತಿದ ಈ ಇನ್ನೊಂದು ಮುಖವೂ ಇದೆ.

* * *

ಸೈಕಲ್ ಅಂಗಡಿಯಿಂದ ಕಾರ್ಖಾನೆ ಹುಟ್ಟುವ ಈ ಕಥೆ ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಮತ್ತೊಮ್ಮೆ ನಡೆಯಿತು. ಈ ಸಲ ಬೇಗ ನಡೆಯಿತು.

1946. ಹಮಾಮಾತ್ಸು ಅನ್ನುವ ಊರು. ರೈಲಿನಲ್ಲಿ ಕಾಲಿಡೋಕೆ ಜಾಗ ಇಲ್ಲ, ಪೆಟ್ರೋಲ್ ಸಿಗಲ್ಲ. ಸೊಯಿಚಿರೊ ಹೋಂಡಾ ಅನ್ನುವ ಮೆಕ್ಯಾನಿಕ್‌ಗೆ ಸ್ನೇಹಿತನ ಮನೆಯಲ್ಲಿ ಒಂದು ಪುಟ್ಟ ಎಂಜಿನ್ ಕಣ್ಣಿಗೆ ಬಿತ್ತು. ಸೇನೆಯವರು ವೈರ್‌ಲೆಸ್ ರೇಡಿಯೊಗೆ ಕರೆಂಟ್ ಕೊಡೋಕೆ ಬಳಸುತ್ತಿದ್ದ ಜನರೇಟರಿನದು. ಅದನ್ನು ಸೈಕಲ್ಲಿಗೆ ಕಟ್ಟಿದರು. ಪೆಟ್ರೋಲ್ ಟ್ಯಾಂಕ್ ಇರಲಿಲ್ಲ. ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಾಗಿಸೋಕೆ ಬಿಸಿನೀರು ತುಂಬಿಡುವ ಪಾತ್ರೆಯನ್ನೇ ಟ್ಯಾಂಕ್ ಮಾಡಿಕೊಂಡರು. ಹೆಂಡತಿ ಸಾಚಿ ಅದನ್ನು ಊರಲ್ಲಿ ಓಡಿಸಿ ನೋಡಿದರು. ಸುಮಾರು 500 ಎಂಜಿನ್‌ಗಳು ಖಾಲಿಯಾದ ಮೇಲೆ ಹೋಂಡಾ ತಮ್ಮದೇ ಎಂಜಿನ್ ಮಾಡಿದರು. 1952ರಲ್ಲಿ 'ಕಬ್ ಎಫ್' ಅನ್ನುವ ಎಂಜಿನ್ ಬಂತು, ಬಿಳಿ ಟ್ಯಾಂಕು, ಕೆಂಪು ಎಂಜಿನ್ನು, ನಿಮ್ಮ ಸೈಕಲ್ಲಿಗೆ ನೀವೇ ಕಟ್ಟಿಕೊಳ್ಳಬಹುದು. ಅದನ್ನು ಮಾರಿದ್ದು ಹೇಗೆ ಗೊತ್ತಾ? ದೇಶದ 50,000ಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಕಾಗದ ಬರೆದರು. ಹೋಂಡಾ ಕಂಪನಿಯ ಮಾರಾಟದ ಜಾಲ ಬೆಳೆದದ್ದು ಪಂಕ್ಚರ್ ಹಾಕುವವರಿಂದ.

ಯುರೋಪಿನಲ್ಲೂ ಅದೇ ಹೊತ್ತಿನಲ್ಲಿ ಅದೇ ಆಟ. ಫ್ರಾನ್ಸಿನ ವೆಲೋಸೊಲೆಕ್ಸ್ ಮುಂದಿನ ಚಕ್ರದ ಮೇಲೆ ಎಂಜಿನ್ ಇಟ್ಟು, ಒಂದು ಉರುಳೆಯನ್ನು ಟೈರಿಗೆ ಒತ್ತಿ ತಿರುಗಿಸಿತು. ಇಂಗ್ಲೆಂಡಿನ ಸೈಕಲ್‌ಮಾಸ್ಟರ್ ಎಂಜಿನ್ನನ್ನು ಹಿಂದಿನ ಚಕ್ರದ ಹೊಟ್ಟೆಯೊಳಗೇ ಅಡಗಿಸಿತು. ಇಟಲಿಯ ಡುಕಾಟಿ ಇವತ್ತು ಶ್ರೀಮಂತರ ರೇಸ್ ಬೈಕಿನ ಹೆಸರು. ಅದು ಎರಡು ಚಕ್ರದ ಲೋಕಕ್ಕೆ ಬಂದದ್ದು 'ಕುಚ್ಚೊಲೊ', ಅಂದರೆ ನಾಯಿಮರಿ, ಅನ್ನುವ 48 ಸಿಸಿಯ ಸೈಕಲ್ ಎಂಜಿನ್ ಮೂಲಕ. 1952ರಲ್ಲಿ ಸ್ವೀಡನ್ನಿನ ಪತ್ರಕರ್ತನೊಬ್ಬ ಮೋಟರ್ ಮತ್ತು ಪೆಡಲ್ ಎರಡನ್ನೂ ಸೇರಿಸಿ ಇಂಥ ಗಾಡಿಗಳಿಗೆ ಹೆಸರಿಟ್ಟ: ಮೊಪೆಡ್.

ನಮ್ಮಲ್ಲಿಗೆ ಆ ಹೆಸರು 1972ರಲ್ಲಿ ಲೂನಾ ಆಗಿ ಮನೆಮನೆಗೆ ಬಂತು. ಅಹ್ಮದ್‌ನಗರದ ಕೈನೆಟಿಕ್ ಕಂಪನಿ ಇಟಲಿಯ ಪಿಯಾಜಿಯೊದ ಮೊಪೆಡ್ ಮಾದರಿಯಲ್ಲಿ ಮಾಡಿದ್ದು. ಪೆಡಲ್ ತುಳಿದರೆ ಎಂಜಿನ್ ಶುರು, ಪೆಟ್ರೋಲ್ ಮುಗಿದರೆ ಅದೇ ಪೆಡಲ್ ತುಳಿದು ಮನೆ ಸೇರಬಹುದು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್. ಇತ್ತ ಮೈಸೂರಿನಲ್ಲಿ 1961ರಿಂದ 1996ರವರೆಗೆ ಐಡಿಯಲ್ ಜಾವಾದ ಬೈಕುಗಳು ಗುಡುಗುತ್ತಿದ್ದವು ಅನ್ನೋದು ನಿಮಗೆ ಗೊತ್ತೇ ಇದೆ. ಅವುಗಳಿಗೆ ಅಭಿಮಾನಿ ಸಂಘಗಳಿವೆ, ವರ್ಷಕ್ಕೊಂದು ದಿನದ ಹಬ್ಬ ಇದೆ. ಮೊಪೆಡ್ಡಿಗೆ ಸಂಘವೂ ಇಲ್ಲ, ಹಬ್ಬವೂ ಇಲ್ಲ. ಅದು ದುಡಿಯುತ್ತಲೇ ಇದೆ. ದಾವಣಗೆರೆಯಲ್ಲಿ ಬೆಳಿಗ್ಗೆ ಬೇಗ ಎದ್ದು ರಸ್ತೆಗೆ ಬನ್ನಿ. ಸವಾರನಿಗಿಂತ ಎತ್ತರದ ಮಂಡಕ್ಕಿ ಮೂಟೆ ಹೊತ್ತ ಒಂದು ಎಕ್ಸ್‌ಎಲ್ ನಿಮ್ಮನ್ನು ದಾಟಿಕೊಂಡು ಹೋಗುತ್ತೆ. ನಮ್ಮ ಅಜ್ಜನ ಡಬಲ್ ಬಾರ್ ಸೈಕಲ್ಲಿನ ನಿಜವಾದ ವಾರಸುದಾರ ಅದು. ನಾನು ಮಾಡಿಸಬೇಕು ಅಂದುಕೊಂಡಿದ್ದ ಗಾಡಿ ಅಲ್ಲ.

* * *

ಇಷ್ಟು ಓದಿದ ಮೇಲೆ ಆ ರೇಸ್ ಬೈಕುಗಳ ಫೋಟೊಗಳನ್ನು ಮತ್ತೆ ನೋಡಿದೆ. ಈ ಸಲ ಬೇರೆ ಥರ ಕಂಡವು.

ಬಿಳಿ ಟೈರ್ ಫ್ಯಾಷನ್ ಅಂದುಕೊಂಡಿದ್ದೆ. ಆ ಕಾಲದ ರಬ್ಬರೇ ಹಾಗಿತ್ತು. ಟೈರ್ ಹೆಚ್ಚು ಬಾಳಿಕೆ ಬರಲಿ ಅಂತ ಇಂಗಾಲದ ಕರಿಪುಡಿ ಬೆರೆಸೋದು ರೂಢಿಯಾದ ಮೇಲೆ ಟೈರ್ ಕಪ್ಪಾಯಿತು. ಟ್ಯಾಂಕ್ ಎರಡು ಬಾರ್‌ಗಳ ನಡುವೆ ಕೂತದ್ದು ಸೈಕಲ್ಲಿನ ಮೈಯಲ್ಲಿ ಖಾಲಿ ಇದ್ದ ಜಾಗ ಅದೊಂದೇ ಅಂತ. ಪೆಡಲ್ ಉಳಿದದ್ದು ದಿಣ್ಣೆಯಲ್ಲಿ ಎಂಜಿನ್ ಕೈಕೊಡುತ್ತಿತ್ತು ಅಂತ. ನಾವು 'ವಿಂಟೇಜ್ ಲುಕ್' ಅನ್ನುವ ಒಂದೊಂದು ಅಂದವೂ ಒಬ್ಬ ಮೆಕ್ಯಾನಿಕ್ ತನ್ನ ಕಷ್ಟಕ್ಕೆ ಹುಡುಕಿಕೊಂಡ ಪರಿಹಾರ.

ಬ್ರೇಕ್? ಎಷ್ಟು ಹುಡುಕಿದರೂ ಆ ರೇಸ್ ಬೈಕುಗಳಲ್ಲಿ ಬ್ರೇಕ್ ಕಾಣಲಿಲ್ಲ. ಕಾಣೋದು ಹೇಗೆ, ಇರಲೇ ಇಲ್ಲ! ಬಟ್ಟಲಿನಂತೆ ಒಳಕ್ಕೆ ವಾಲಿಸಿದ ಮರದ ಹಲಗೆಯ ಟ್ರ್ಯಾಕಿನಲ್ಲಿ ಅವು ಸುತ್ತು ಹೊಡೆಯುತ್ತಿದ್ದವು. ಬ್ರೇಕ್ ಹಾಕಿದವನು ಹಿಂದಿನವನಿಗೆ ಅಪಾಯ ಅನ್ನೋದು ಅವರ ತರ್ಕ. 1912ರಲ್ಲಿ ನ್ಯೂಜೆರ್ಸಿಯ ನ್ಯೂವರ್ಕ್ ಟ್ರ್ಯಾಕಿನಲ್ಲಿ ಒಂದು ಬೈಕ್ ಜನರ ಮೇಲೆ ನುಗ್ಗಿತು. ಸವಾರರ ಜೊತೆ ನೋಡೋಕೆ ಬಂದವರೂ ಸತ್ತರು. ಪತ್ರಿಕೆಗಳು ಇಂಥ ಟ್ರ್ಯಾಕುಗಳನ್ನು ಕೊಲೆಯ ಬಟ್ಟಲು ಅಂತ ಕರೆದವು. ನಾನು ಪಿ.ಬಿ. ರೋಡಿನಲ್ಲಿ ಓಡಿಸಬೇಕು ಅಂದುಕೊಂಡಿದ್ದು ಆ ಬೈಕಿನ ನಕಲು. ಮೇಸ್ತ್ರಿ ಆ ಇತಿಹಾಸ ಓದಿದವರಲ್ಲ, ಆದರೂ ಫೋಟೊ ನೋಡಿದ ಕೂಡಲೇ ಕೇಳಬೇಕಾದ್ದನ್ನೇ ಕೇಳಿದ್ದರು.

ಲೆಕ್ಕ ಸರಳ. ವೇಗ ಎರಡು ಪಟ್ಟಾದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟು. ಹದಿನೈದರ ವೇಗಕ್ಕೆ ಮಾಡಿದ ರಾಡ್ ಬ್ರೇಕಿಗೆ ಮೂವತ್ತರಲ್ಲಿ ನಾಲ್ಕಾಳಿನ ಕೆಲಸ, ನಲವತ್ತೈದರಲ್ಲಿ ಒಂಬತ್ತಾಳಿನದು. ಮಳೆ ಬಂದು ಸ್ಟೀಲ್ ರಿಮ್ ಒದ್ದೆಯಾದರೆ ಆ ಒಬ್ಬ ಆಳೂ ರಜೆ.

ಕಾನೂನಿಗೂ ಒಂದು ಲೆಕ್ಕ ಇದೆ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಎಂಜಿನ್ 25 ಸಿಸಿ ಮೀರದಿದ್ದರೆ ಅದು 'ಮೋಟಾರು ವಾಹನ'ದ ಪಟ್ಟಿಗೆ ಬರಲ್ಲ. ಬ್ಯಾಟರಿಯದ್ದಾದರೆ ಮೋಟರಿನ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ ಇರಬೇಕು ಅಂತ ನಿಯಮ. ಸೈಕಲ್ಲಿಗೆ ಕಟ್ಟುವ ಎಂಜಿನ್ ಕಿಟ್ ಅಂತ ಮಾರುವ ಹೆಚ್ಚಿನವು 50 ಸಿಸಿ, 80 ಸಿಸಿ. ಆ '80' ಅನ್ನೋದರ ನಿಜ ಗಾತ್ರ ಸುಮಾರು 66 ಸಿಸಿ ಅನ್ನೋದು ಬೇರೆ ಮಾತು. ಹೇಗಿದ್ದರೂ 25ಕ್ಕಿಂತ ಬಹಳ ಹೆಚ್ಚು. ನಂಬರ್ ಪ್ಲೇಟ್ ಇಲ್ಲದೆ, ಇನ್ಶೂರೆನ್ಸ್ ಇಲ್ಲದೆ ಅದನ್ನು ರಸ್ತೆಗೆ ತಂದರೆ, ಯಾರಿಗಾದರೂ ತಾಗಿಸಿದ ದಿನ ನಿಮ್ಮ ಹವ್ಯಾಸದ ಬೆಲೆ ಎಷ್ಟು ಅಂತ ಗೊತ್ತಾಗುತ್ತೆ.

* * *

ಸಂಕ್ರಾಂತಿಗೆ ಮತ್ತೆ ಹರಿಹರಕ್ಕೆ ಹೋದೆ. ಈ ಸಲ ನನ್ನ ಕೈಯಲ್ಲಿ ಕಾಗದ ಇತ್ತು.

"ಸ್ಪೀಡು ಇಪ್ಪತ್ತೈದು ಸಾಕು ಮೇಸ್ತ್ರಿ," ಅಂದೆ. "ಎಂಜಿನ್ 25 ಸಿಸಿದು. ತೋಟದಲ್ಲಿ ಕಳೆ ಕತ್ತರಿಸೋ ಮಷಿನ್‌ದು. ಮುಂದೆ ಡ್ರಮ್ ಬ್ರೇಕ್ ಹಾಕೋಣ."

ಅವರು ನಕ್ಕರು. "ಈಗ ದಾರಿಗೆ ಬಂದೆ."

ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಹೆಗಲಿಗೆ ನೇತುಹಾಕಿಕೊಂಡು ಕಳೆ ಕತ್ತರಿಸುವ ಯಂತ್ರ ನೋಡಿರ್ತೀರಿ. ಅದರ ಎಂಜಿನ್ ಮೂರು ಕೆಜಿ ಆಸುಪಾಸು ಇರುತ್ತೆ. ಸೇನೆಯ ಜನರೇಟರ್ ಎಂಜಿನ್ ಹೋಂಡಾ ಕೈಗೆ ಸಿಕ್ಕ ಹಾಗೆ ನನಗೆ ಇದು ಸಿಕ್ಕಿತು. ಆದರೆ ಅದು ನಿಮಿಷಕ್ಕೆ 7,000 ಸುತ್ತು ತಿರುಗುತ್ತೆ. 28 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ. ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಚಕ್ರ ನಿಮಿಷಕ್ಕೆ 190 ಸುತ್ತು ತಿರುಗಿದರೆ ಸಾಕು. ಅಂದರೆ ಎಂಜಿನ್ 37 ಸುತ್ತು ಹೊಡೆದಾಗ ಚಕ್ರ ಒಂದು ಸುತ್ತು. ಈ 37ನ್ನು ಒಂದಕ್ಕೆ ಇಳಿಸೋದೇ ಪೂರ್ತಿ ಕೆಲಸ. ಅದಕ್ಕೆ ಬೇಕಾದ ಪುಲ್ಲಿ, ಶಾಫ್ಟ್, ಹಲ್ಲಿನ ಚಕ್ರ ಕೂರಿಸುವ ಉಂಗುರ ಯಾವುದೂ ರೆಡಿಮೇಡ್ ಸಿಗಲ್ಲ.

ಸಿಗದ್ದನ್ನು ಮಾಡೋದೇ ಲೇತ್. ಮೇಸ್ತ್ರಿ ಕಬ್ಬಿಣದ ದುಂಡನೆ ತುಂಡನ್ನು ಚಕ್‌ಗೆ ಹಿಡಿಸಿ, ಟೂಲ್ ತಾಗಿಸಿ, ಉಕ್ಕಿನ ಸಿಪ್ಪೆ ಸುರುಳಿ ಸುರುಳಿಯಾಗಿ ಬೀಳೋದನ್ನ ನೋಡ್ತಾ ನಿಂತರು. ಮಧ್ಯೆ ಮಧ್ಯೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾಕೆ ಅಂತ ಕೇಳಿದೆ.

"ಸದ್ದು ಕೇಳ್ಬೇಕು. ಟೂಲ್ ಮೊಂಡ ಆದ್ರೆ ಸದ್ದು ಬದ್ಲಾಗುತ್ತೆ. ಕಣ್ಣಿಗೆ ಆಮೇಲೆ ಗೊತ್ತಾಗೋದು."

ಮೊಪೆಡ್ಡಿನ ಡ್ರಮ್ ಹಬ್ ಅಜ್ಜನ ರಿಮ್ಮಿಗೆ ಕೂರಲಿಲ್ಲ. ಈ ಹಳೆಯ ಸೈಕಲ್ಲುಗಳಿಗೆ ಮುಂದೆ 32 ಕಡ್ಡಿ, ಹಿಂದೆ 40. ಮೊಪೆಡ್ಡಿನ ತೂತಿನ ಲೆಕ್ಕ ಬೇರೆ. ಬೇರೆ ರಿಮ್ ಹುಡುಕಿ, ಕಡ್ಡಿಯ ಅಳತೆ ಲೆಕ್ಕ ಹಾಕಿ, ಕತ್ತರಿಸಿ, ಹೊಸದಾಗಿ ಮರೆ ಹಾಕಿ, ಚಕ್ರ ನೆಟ್ಟಗೆ ಮಾಡೋಕೆ ಎರಡು ದಿನ ಹಿಡಿಯಿತು. ಒಂದು ಬೆಸುಗೆ ಬಿಟ್ಟುಕೊಂಡಿತು. ಮೊದಲ ಪುಲ್ಲಿಯನ್ನು ನನ್ನ ತಪ್ಪು ಅಳತೆಯಿಂದ ಬಿಸಾಕಬೇಕಾಯಿತು. ಹಾರ್ಲೆಯವರ ದಿಣ್ಣೆ ನೆನಪಾಗಿ ಸಮಾಧಾನ ಮಾಡಿಕೊಂಡೆ.

ಚಹಾ ಕುಡಿಯುವಾಗ ಕೇಳಿದೆ, "ನಿಮ್ಮ ಹತ್ರ ಯಾರಾದ್ರೂ ಕಲೀತಿದಾರಾ?"

"ಯಾರಪ್ಪ ಬರ್ತಾರೆ? ಮೊದ್ಲು ಒಬ್ರಿಗೊಬ್ರು ನೋಡಿ ಕಲೀತಿದ್ವಿ. ನನ್ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲ್ಸದಾಗೆ ಅದಾನೆ. ನಿನ್ನಂಗೇ."

ಅವರು ಅದನ್ನ ದೂರಿನ ಹಾಗೆ ಹೇಳಲಿಲ್ಲ. ನನಗೇ ಹಾಗೆ ಕೇಳಿಸಿತು.

ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು. ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ ಲೇತುಗಳು ಬಂದವು, ಹೊರದೇಶದ ಯಂತ್ರಗಳಿಗೆ ಬಾಗಿಲು ತೆರೆಯಿತು. ದಾವಣಗೆರೆಯ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ನಿಂತಿದ್ದವು. ಕಾರ್ಖಾನೆ ಮುಚ್ಚಿದರೆ ಕಟ್ಟಡ ಉಳಿಯುತ್ತೆ, ಯಂತ್ರ ಹರಾಜಾಗುತ್ತೆ, ಕೇಸು ಕೋರ್ಟಿಗೆ ಹೋಗುತ್ತೆ. ಇವೆಲ್ಲಕ್ಕೂ ಕಾಗದ ಪತ್ರ ಇದೆ. ಒಂದು ಊರಿನಲ್ಲಿ ಮೂರು ತಲೆಮಾರು ಬೆರಳಿನಿಂದ ಬೆರಳಿಗೆ ದಾಟಿದ ಕೆಲಸ ಯಾವ ಕಾಗದದಲ್ಲೂ ಇಲ್ಲ. ಟೂಲ್ ಮೊಂಡಾದಾಗ ಬರುವ ಆ ಸದ್ದನ್ನು ಯಾರೂ ಬರೆದಿಟ್ಟಿಲ್ಲ, ಬರೆದಿಡೋಕೆ ಬರೋದೂ ಇಲ್ಲ.

ನನ್ನ ಗೆಳೆಯರು ಕೇಳ್ತಾರೆ, ಇಷ್ಟು ಖರ್ಚು ಮಾಡಿ, ಇಷ್ಟು ಸಲ ಓಡಾಡಿ, ಕೊನೆಗೆ ಇಪ್ಪತ್ತೈದರ ವೇಗದ ಗಾಡಿಯಾ? ಅದೇ ದುಡ್ಡಿಗೆ ಒಳ್ಳೇ ಎಲೆಕ್ಟ್ರಿಕ್ ಸೈಕಲ್ ಬರ್ತಿತ್ತಲ್ಲ? ಬರ್ತಿತ್ತು. ಸದ್ದೂ ಇರ್ತಿರಲಿಲ್ಲ, ಹೊಗೆಯೂ ಇರ್ತಿರಲಿಲ್ಲ. ಆಫೀಸಿಗೆ ಹೋಗೋಕೆ ಅದೇ ಸರಿ, ಅನುಮಾನ ಇಲ್ಲ. ಆದರೆ ಅದು ಡಬ್ಬದಲ್ಲಿ ಮನೆ ಬಾಗಿಲಿಗೆ ಬರೋದು. ಕಿಟ್ ಕೊಂಡರೂ ಅಷ್ಟೇ, ನಾಲ್ಕು ಬೋಲ್ಟ್ ಬಿಗಿದರೆ ಮುಗೀತು. ನಾನು ಆ ಶೆಡ್ಡಿಗೆ ಹೋಗ್ತಿರಲಿಲ್ಲ. ನನ್ನ ಜಿಲ್ಲೆಯಲ್ಲೇ ಒಬ್ಬರು ಕಣ್ಣು ಮುಚ್ಚಿಕೊಂಡು ಉಕ್ಕನ್ನು ಕೇಳಿಸಿಕೊಳ್ಳಬಲ್ಲರು ಅನ್ನೋದು ನನಗೆ ಗೊತ್ತಾಗ್ತಲೇ ಇರಲಿಲ್ಲ.

ಈ ಯುಗಾದಿಗೆ ಗಾಡಿ ಸರಸ್ವತಿ ನಗರಕ್ಕೆ ಬಂತು. ಟೈರ್ ಕಪ್ಪಗೇ ಇದೆ, ಬಿಳಿಯದು ಹಾಕಿಸಲಿಲ್ಲ. ಹ್ಯಾಂಡಲ್ ಕೆಳಕ್ಕೆ ಬಾಗಿಸಲಿಲ್ಲ. ಎರಡು ಬಾರ್‌ಗಳ ನಡುವೆ ತಗಡಿನ ಪುಟ್ಟ ಟ್ಯಾಂಕ್ ಇದೆ, ಅದಕ್ಕೆ ಇನ್ನೂ ಬಣ್ಣ ಬಿದ್ದಿಲ್ಲ. ಹಾಲಿನ ಕ್ಯಾರಿಯರ್ ಬಿಚ್ಚಬೇಡ ಅಂತ ಅಮ್ಮ ಹೇಳಿದ್ದರಿಂದ ಅದೂ ಇದೆ. ರೇಸ್ ಬೈಕಿನ ಥರ ಒಂಚೂರೂ ಕಾಣಲ್ಲ. ಹಾಲಿನವರ ಸೈಕಲ್ಲಿಗೆ ಎಂಜಿನ್ ಕಟ್ಟಿದ ಹಾಗೆ ಕಾಣುತ್ತೆ, ಇರೋದೂ ಅದೇ.

ಮನೆ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದು, ಗೇಟಿನ ಹತ್ತಿರ ಬ್ರೇಕ್ ಒತ್ತಿದೆ. ಅಂದುಕೊಂಡ ಜಾಗದಲ್ಲೇ ನಿಂತಿತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಓಡಿತಾ ಅಂತ ಅವರು ಕೇಳಲೇ ಇಲ್ಲ.

"ನಿಂತ್ಕಂತಲ್ಲ, ಸಾಕು ಬಿಡು," ಅಂದರು. ಆಮೇಲೆ, "ಮುಂದಿನ ಸಲ ಬಂದಾಗ ಒಂದಿನ ಜಾಸ್ತಿ ರಜಾ ಹಾಕ್ಕಂಡು ಬಾ. ಲೇತ್ ಹಿಡಿಯೋದು ತೋರಿಸ್ತೀನಿ."

ರಜಾ ಅರ್ಜಿ ಹಾಕಿದ್ದೇನೆ.